ಹುತುತು ಅಂದವಳ ಅವ್ವ

ಔರಾದದಿಂದ ಬೀದರಿಗೆ ಬೆಳಿಗ್ಗೆ ಹೊರಡುವ ಬಸ್ಸಿನಲ್ಲಿ ನೀವು ಒಮ್ಮೆಯಾದರೂ ಹೋಗಿದ್ದರೆ ಕಂಡಕ್ಟರ್ ಅಂಜನಾಬಾಯಿಯ ದನಿ ಕೇಳಿಯೇ ಇರುತ್ತೀರಿ. ಕೇಳಿಲ್ಲವೆಂದರೆ ಕಿವಿಯನ್ನು ಒಮ್ಮೆ ಡಾಕ್ಟರಿಗೆ ತೋರಿಸಿಕೊಳ್ಳುವುದು ಒಳ್ಳೆಯದು. ಒಂದು ಕಾಲು ಬಸ್ಸಿನ ಮೆಟ್ಟಿಲ ಮೇಲೆ, ಒಂದು ಕಾಲು ನೆಲದ ಮೇಲೆ ಇಟ್ಟು ಆಕೆ ‘ಸಂತಪುರ ಕೌಠಾ ಜನವಾಡ ಬೀದರ್, ಬೀದರ್ ಬೀದರ್ ಬೀದರ್’ ಎಂದು ಶುರು ಮಾಡಿದರೆ ಸ್ಟ್ಯಾಂಡಿನ ಆ ತುದಿಯಲ್ಲಿ ಚಹಾ ಕುಡಿಯುತ್ತಿದ್ದವರು ಕಪ್ಪು-ಬಸಿಯನ್ನು ಅಲ್ಲೇ ಬಿಟ್ಟು ಓಡಿ ಬರುತ್ತಾರೆ. ನಡುವೆ ಆಕೆ ಉಸಿರು ಎಳೆದುಕೊಂಡದ್ದನ್ನು ಯಾರೂ ಕಂಡಿಲ್ಲ. “ಈ ಬಾಯಿ ಇರೂತನಕ ನನ್ನ ಗಾಡಿಗಿ ಹಾರ್ನ್ ಯಾಕ ಬೇಕ್ರಿ” ಎನ್ನುತ್ತಾನೆ ಡ್ರೈವರ್ ಮಕ್ಸೂದ.

ಆ ಉಸಿರು ಡಾಬಕಾದ್ದು. ಮಹಾರಾಷ್ಟ್ರದ ಗಡಿಗೆ ಆತುಕೊಂಡಿರುವ ಆ ಊರಿನಲ್ಲಿ ಅಂಜನಾಬಾಯಿಯ ತವರು ಇದ್ದದ್ದು ಬುದ್ಧವಿಹಾರದ ಓಣಿಯಲ್ಲಿ. ಆಕೆ ಚಿಕ್ಕವಳಿದ್ದಾಗ ಊರಿನ ಸಾಲಿಯ ಬಯಲಲ್ಲಿ ಗಂಡುಹುಡುಗರು ಕಬಡ್ಡಿ ಆಡುತ್ತಿದ್ದರು. ಈ ಓಣಿಯ ಹೆಣ್ಣುಮಕ್ಕಳನ್ನು ಅಲ್ಲಿಗೆ ಯಾರೂ ಕರೆಯುತ್ತಿರಲಿಲ್ಲ. ಕರೆಯದಿದ್ದರೆ ಬಿಡಿ ಎಂದು ಇವರು ವಿಹಾರದ ಮುಂದೆ ಬೂದಿಯಲ್ಲಿ ಗೆರೆ ಎಳೆದು ತಮ್ಮದೇ ಆಟ ಕಟ್ಟಿಕೊಂಡರು. ಪಂಚಮಿಗೆ ತವರಿಗೆ ಬಂದ ಅಕ್ಕಂದಿರು ಸೀರೆ ಮೇಲಕ್ಕೆ ಸಿಕ್ಕಿಸಿ ಇಳಿಯುತ್ತಿದ್ದರು, ಅವರ ಹಿಂದೆ ಪೋರಿಯರು. ಗೆರೆ ಅದೇ, ಮುಟ್ಟುವುದು ಅದೇ, ಹಿಡಿಯುವುದು ಅದೇ. ಆದರೆ ಒಳನುಗ್ಗುವಾಗ ಉಸಿರು ಬಿಡದೆ ಹೇಳಬೇಕಾದದ್ದು ‘ಹುತುತುತುತು’. ಯಾವಳಾದರೂ ಮರೆತು ಕಬಡ್ಡಿ ಅಂದಳೋ, ಸಾಲಿ ಹುಡುಗರ ಹಿಂಬಾಲಕಿ ಎಂದು ಹಬ್ಬ ಮುಗಿಯುವ ತನಕ ಅವಳನ್ನು ಕಾಡಿ ಬಿಡುತ್ತಿದ್ದರು.

ಅಂಜನಾಬಾಯಿಯನ್ನು ಆ ಬಯಲಲ್ಲಿ ಹಿಡಿದು ನಿಲ್ಲಿಸಿದವರು ಇಲ್ಲ. ಕಾಲಿಗೆ ಇಬ್ಬರು ಜೋತುಬಿದ್ದರೂ ಎಳೆದುಕೊಂಡೇ ಗೆರೆಗೆ ಬರುತ್ತಿದ್ದಳು, ಬಾಯಲ್ಲಿ ಹುತುತು ಕಡಿಯುತ್ತಿರಲಿಲ್ಲ. ಆಮೇಲೆ ಔರಾದದ ಪಂಢರಿಯ ಜೊತೆ ಮದುವೆಯಾಯಿತು. ಹೆಣ್ಣಿನ ಆಟ ಮದುವೆ ಚಪ್ಪರದ ತನಕ ಮಾತ್ರ ಎಂದು ಯಾರೋ ಮಹಾನುಭಾವರು ಠರಾವು ಮಾಡಿಟ್ಟಿದ್ದರು. ಯಾರು ಅಂತ ಗೊತ್ತಾದರೆ ಬಸ್ಸಿನಿಂದ ಇಳಿಸಿಯೇ ಬಿಡುತ್ತೇನೆ ಎಂದು ಆಕೆ ಈಗಲೂ ಹಲ್ಲು ಕಡಿಯುತ್ತಾಳೆ. ಪಂಢರಿ ಮಾತ್ರ ಸಾಧು ಮನುಷ್ಯ. ಹೊಲ ಆಯಿತು, ಎತ್ತು ಆಯಿತು, ರೇಡಿಯೋ ಆಯಿತು. ಹೆಂಡತಿ ಕಂಡಕ್ಟರ್ ನೌಕರಿಗೆ ಹೊರಟಾಗ ನೆಂಟರೆಲ್ಲ ಮೂಗು ಮುರಿದರೂ ಇವನು ಮಾತ್ರ ಡಬ್ಬಿಗೆ ರೊಟ್ಟಿ ಕಟ್ಟಿಕೊಟ್ಟ.

ಮಗಳು ವಿಶಾಖಾ ಹುಟ್ಟಿದ ಮೇಲೆ ನಿಂತು ಹೋದ ಆಟ ಅಂಗಳದಲ್ಲಿ ಮತ್ತೆ ಶುರುವಾಯಿತು. ಡ್ಯೂಟಿ ಮುಗಿಸಿ ಬಂದ ಅಂಜನಾಬಾಯಿ ಖಾಕಿ ಸಮವಸ್ತ್ರದಲ್ಲೇ ನೆಲಕ್ಕೆ ಬೋರಲು ಬಿದ್ದು ಮಗಳ ಹಿಮ್ಮಡಿಯ ಮೇಲಿನ ಗಂಟನ್ನು ಎರಡೂ ಕೈಯಿಂದ ಹಿಡಿಯುತ್ತಿದ್ದಳು. ಬೇವಿನ ಮರದ ಕೆಳಗೆ ಎಳೆದ ಗೆರೆಯ ತನಕ ಮಗಳು ತಾಯಿಯನ್ನು ಎಳೆದುಕೊಂಡು ಹೋಗಬೇಕು.

“ಉಸಿರು ಬಿಡಬ್ಯಾಡ ಪೋರಿ. ಕಾಲು ಅವರದ್ದು ಆಗ್ಲಿ, ಉಸಿರು ನಿಂದs ಇರಬೇಕು. ಅನ್ನು, ಹುತುತುತು!”

“ಕೂಸಿನ ಕಾಲು ಕಿತ್ತು ಬರ್ತದ ನೋಡು” ಎಂದು ಪಂಢರಿ ಹೊರಸಿನ ಮೇಲೆ ಕುಳಿತು ಗೊಣಗುತ್ತಿದ್ದ. ಕಾಲು ಕಿತ್ತು ಬರಲಿಲ್ಲ. ತಾಯಿಯ ಮೊಣಕೈ ಚರ್ಮ ಮಾತ್ರ ದಿನಾ ಕಿತ್ತು ಬರುತ್ತಿತ್ತು.

ಹೈಸ್ಕೂಲಿಗೆಂದು ವಿಶಾಖಾ ಭಾಲ್ಕಿಯ ಹಾಸ್ಟೆಲ್ ಸೇರಿದಳು. ಅಲ್ಲಿ ಆಟ ಕಲಿಸುತ್ತಿದ್ದವರು ಖಟಕ ಚಿಂಚೋಳಿಯ ಕಾಶೀನಾಥ ಮಾಸ್ತರರು. ಹುಡುಗಿ ಮೊದಲ ಸಲ ಗೆರೆ ದಾಟಿ ಹುತುತು ಅಂದಾಗ ಅವರು ಸೀಟಿ ಊದಿ ನಕ್ಕೇಬಿಟ್ಟರು. “ಇಲ್ಲಿ ಕಬಡ್ಡಿ ಅನಬೇಕವ್ವಾ. ನಿಯಮ ಅದ. ಬ್ಯಾರೆ ಏನಂದ್ರೂ ದನಿ ಮುರೀತು ಅಂತ ತಿಳೀತಾರ, ಔಟ್ ಕೊಡ್ತಾರ.” ಓಡುವಾಗ, ಹಗ್ಗ ಜಿಗಿಯುವಾಗ, ಮೆಟ್ಟಿಲು ಹತ್ತುವಾಗ ಅವಳ ಬಾಯಲ್ಲಿ ಕಬಡ್ಡಿ ಕೂರಿಸಿದರು. ಕೂತಿತು. ಅಲ್ಲಿಂದ ಜಿಲ್ಲೆ, ರಾಜ್ಯ, ಕೊನೆಗೆ ದೇಶದ ತಂಡ. ಕಾಲು ಹಿಡಿಯಲು ಬಂದವರ ಕೈಗೆ ಅವಳು ಸಿಗುತ್ತಲೇ ಇರಲಿಲ್ಲ, ಅಷ್ಟು ಚುರುಕು. ಹೀಗಾಗಿ ಒಂದು ಸಂಗತಿ ಮಾಸ್ತರರ ಗಮನಕ್ಕೂ ಬರಲಿಲ್ಲ, ತಾಯಿಯ ಗಮನಕ್ಕೂ ಬರಲಿಲ್ಲ. ಕಾಲಿನ ಗಂಟನ್ನು ಎರಡೂ ಕೈಯಿಂದ ಹಿಡಿದವರು ಅವಳ ಜನ್ಮದಲ್ಲಿ ಅಲ್ಲಿಯವರೆಗೆ ಒಬ್ಬಳೇ, ಅವಳ ಅವ್ವ.

ಏಷ್ಯಾದ ದೇಶಗಳೆಲ್ಲ ಸೇರುವ ದೊಡ್ಡ ಕ್ರೀಡಾಕೂಟಕ್ಕೆ ವಿಶಾಖಾ ಹೋದಾಗ ಔರಾದಕ್ಕೆ ಹಬ್ಬ ಬಂತು. ಓಟ, ಕುಸ್ತಿ, ಬಿಲ್ಲು ಎಂದು ದಿನಕ್ಕೊಂದು ಪದಕದ ಸುದ್ದಿ ಬರುತ್ತಿತ್ತು. ಅವೆಲ್ಲ ಬಂದರೆ ಸಂತೋಷ, ಬರದಿದ್ದರೂ ನಡೆಯುತ್ತದೆ. ಆದರೆ ಕಬಡ್ಡಿ ನಮ್ಮ ಮನೆಯ ಆಟ, ಅದರ ಬಂಗಾರ ನಮ್ಮ ಗೂಡಿನಲ್ಲಿ ಇಟ್ಟದ್ದು, ಹೋಗಿ ತೆಗೆದುಕೊಂಡು ಬರುವುದಷ್ಟೇ ಬಾಕಿ ಎಂದು ಎಲ್ಲರೂ ತಿಳಿದಿದ್ದರು. ಬೀಜದ ಅಂಗಡಿಯ ಪಾಂಡುರಂಗ ಸಾಹೇಬರು ಊರಿನ ಸತ್ಕಾರ ಸಮಿತಿಯ ಅಧ್ಯಕ್ಷರು. ಯಾರಿಗೆ ಶಾಲು, ಯಾರಿಗೆ ಹಾರ ಎಂದು ಗೊತ್ತು ಮಾಡುವುದರಲ್ಲಿ ಅವರ ಕೈ ಮುಂದು. ಸೆಮಿಫೈನಲ್ಲಿಗೆ ಮುಂಚೆಯೇ ಬಸ್‌ಸ್ಟ್ಯಾಂಡಿನ ಎದುರು ಎತ್ತರದ ಫ್ಲೆಕ್ಸ್ ಕಟ್ಟಿಸಿದರು. ‘ಔರಾದದ ಬಂಗಾರದ ಪುತ್ರಿಗೆ ಹಾರ್ದಿಕ ಸ್ವಾಗತ’. ಅದರಲ್ಲಿ ವಿಶಾಖಾಳ ಫೋಟೋಕ್ಕಿಂತ ಸಾಹೇಬರ ಫೋಟೋ ಒಂದು ಗೇಣು ದೊಡ್ಡದು.

ಸೆಮಿಫೈನಲ್ ದಿನ ಅಂಜನಾಬಾಯಿ ಡ್ಯೂಟಿಯಲ್ಲಿದ್ದಳು. ಬೀದರ್ ಸ್ಟ್ಯಾಂಡಿನಲ್ಲಿ ಬಸ್ಸು ನಿಂತಿತ್ತು, ಕ್ಯಾಂಟೀನಿನ ಟಿವಿ ಮುಂದೆ ಜನ ಕಿಕ್ಕಿರಿದಿದ್ದರು. ಹೊರಡುವ ಹೊತ್ತಾದಾಗ ಮಕ್ಸೂದ ಕೈಮುಗಿದು ಕೇಳಿದ, “ಹೊಂಡೂನ ಏನ್ರಿ?” ಪ್ರಯಾಣಿಕರೇ ಅವನನ್ನು ಬೈದು ಕೂರಿಸಿದರು.

ಎರಡೂ ತಂಡ ಸಮ ಇದ್ದವು. ಕೊನೆಯ ದಾಳಿ ನಮ್ಮದು. ಗೆರೆ ದಾಟಿದವಳು ವಿಶಾಖಾ. ಕಬಡ್ಡಿ ಕಬಡ್ಡಿ ಎನ್ನುತ್ತ ಹೋದಳು, ಒಬ್ಬಳ ಭುಜ ಮುಟ್ಟಿದಳು, ತಿರುಗಿದಳು. ಆಗ ಮೂಲೆಯಲ್ಲಿದ್ದ ಹುಡುಗಿ ಬೋರಲು ಬಿದ್ದು ಅವಳ ಕಾಲಿನ ಗಂಟನ್ನು ಎರಡೂ ಕೈಯಿಂದ ಹಿಡಿದಳು. ವಿಶಾಖಾ ಬೀಳಲಿಲ್ಲ. ಆ ಹುಡುಗಿಯನ್ನೂ ಎಳೆದುಕೊಂಡು ಒಂದೊಂದೇ ಹೆಜ್ಜೆ ಗೆರೆಗೆ ಬಂದಳು, ಕೈ ಚಾಚಿ ಗೆರೆ ಮುಟ್ಟಿದಳು. ಕ್ಯಾಂಟೀನು ಕುಣಿಯಿತು. ಅಂಜನಾಬಾಯಿ ಕುಣಿಯಲಿಲ್ಲ. ಟಿವಿಯಲ್ಲಿ ಮಗಳ ತುಟಿ ಕಂಡಿತ್ತು. ಕಾಲು ಹಿಡಿಸಿಕೊಂಡ ಗಳಿಗೆಯಿಂದ ಆ ತುಟಿ ಕಬಡ್ಡಿ ಅಂದಿರಲಿಲ್ಲ. ಮುಂದೆ ಚಾಚಿಕೊಂಡಿತ್ತು. ಹುತುತುತುತು.

ಅಂಪೈರ್ ಸೀಟಿ ಊದಿ ಕೈ ಎತ್ತಿದ. ದನಿ ಮುರಿದಿದೆ, ದಾಳಿಗೆ ಬಂದವಳು ಔಟ್, ಎದುರಿನವರಿಗೆ ಒಂದು ಪಾಯಿಂಟು. ಆ ಒಂದರಿಂದಲೇ ನಮ್ಮವರು ಸೋತರು. ಸೆಮಿಫೈನಲ್ಲಿನಲ್ಲಿ ಸೋತವರಿಗೆ ಕಂಚು ಸಿಗುತ್ತದೆ, ಸಿಕ್ಕಿತು. ಬಂಗಾರಕ್ಕೆಂದು ಬಾಯಿ ತೆರೆದು ಕುಳಿತವರಿಗೆ ಅದು ಗಂಟಲಲ್ಲಿ ಇಳಿಯಲಿಲ್ಲ. ವಾಪಸು ಬರುವಾಗ ಅಂಜನಾಬಾಯಿ ಊರುಗಳ ಹೆಸರು ಕೂಗಲಿಲ್ಲ, ಮಕ್ಸೂದ ಬಹಳ ದಿನಗಳ ಮೇಲೆ ಹಾರ್ನ್ ಒತ್ತಿದ.

ಮರುದಿನದಿಂದ ಕಾಟ ಶುರುವಾಯಿತು. ಆ ದಾಳಿಯ ವಿಡಿಯೋ ಊರಿನ ಎಲ್ಲ ಫೋನುಗಳಲ್ಲಿ ಸುತ್ತಿತು. ಬಸ್ಸಿನ ಹಿಂದಿನ ಸೀಟಿನಿಂದ ಕಾಲೇಜು ಹುಡುಗರು ಹುತುತು ಎಂದು ಸಣ್ಣಗೆ ಶುರು ಮಾಡುವರು, ಆಕೆ ತಿರುಗಿದರೆ ಕಿಟಕಿಯಾಚೆ ನೋಡುವರು. ಇದನ್ನಾದರೂ ತಡೆದುಕೊಳ್ಳಬಹುದಿತ್ತು. “ಎಷ್ಟ್ ಕಲಿಸಿದ್ರೇನು, ಓಣಿ ಬುದ್ಧಿ ಓಣಿ ಬುದ್ಧಿನೇ” ಎಂದು ಮುಂದಿನ ಸೀಟಿನ ಒಬ್ಬ ಹಿರಿಯರು ಅಂದದ್ದು ಎದೆಗೆ ನೆಟ್ಟಿತು. ಅಂಜನಾಬಾಯಿ ಸೀಟಿ ಹೊಡೆದು ಬಸ್ಸು ನಿಲ್ಲಿಸಿದಳು.

“ಇಳೀರಿ.”

“ಇನ್ನ ಜನವಾಡ ಬಂದಿಲ್ಲಲ್ಲ.”

“ಗೊತ್ತದರಿ. ಆದ್ರ ನಿಮಗ ಓಣಿಯವರ ಗಾಡಿ ನಡೂದಿಲ್ಲ. ನಡಕೋತ ಹೋಗ್ರಿ, ಸ್ವಚ್ಛ ಇರ್ತದ.”

ಹಿರಿಯರು ಕ್ಷಮೆ ಕೇಳಿದರು. ಬಸ್ಸು ಮುಂದೆ ಹೋಯಿತು.

ಊರವರನ್ನು ಹೀಗೆ ಬಗ್ಗಿಸಬಹುದು, ಮನೆಯಲ್ಲಿರುವವಳನ್ನು ಏನು ಮಾಡುವುದು? ವಿಶಾಖಾ ಬಂದವಳೇ ಕಂಚನ್ನು ಬ್ಯಾಗಿನಿಂದ ತೆಗೆಯದೆ ಹಾಗೇ ಮೂಲೆಗಿಟ್ಟಳು. ಮೈದಾನದ ಕಡೆ ಮುಖ ಹಾಕಲಿಲ್ಲ. ಮುಂದಿನ ಶಿಬಿರಕ್ಕೆ ಬಾ ಎಂದು ಕರೆ ಬಂದರೆ ಹೋಗುವುದಿಲ್ಲ ಎಂದು ಹೇಳಿ ಫೋನ್ ಇಟ್ಟಳು. ಆಗಲೇ ಪಾಂಡುರಂಗ ಸಾಹೇಬರು ಮನೆಗೆ ಬಂದರು. ಫ್ಲೆಕ್ಸಿನ ‘ಬಂಗಾರ’ದ ಮೇಲೆ ‘ಕಂಚು’ ಎಂದು ಬರೆದ ಕಾಗದ ಅಂಟಿಸಿ, ಬರುವ ಭಾನುವಾರವೇ ಸತ್ಕಾರ ಎಂದು ಸಮಿತಿ ತೀರ್ಮಾನಿಸಿತ್ತು. ಭಾಲ್ಕಿಯ ಕಾಶೀನಾಥ ಮಾಸ್ತರರ ಹುಡುಗಿಯರ ಜೊತೆ ಒಂದು ಪ್ರದರ್ಶನ ಪಂದ್ಯವೂ ಇರುತ್ತದೆ.

“ಶಾಲು, ಹಾರ, ಎಲ್ಲಾ ಬರೋಬರಿ ಆಗ್ತದವ್ವಾ” ಎಂದರು ಸಾಹೇಬರು. “ನೀ ಮೈಕ್ ಹಿಡದು ಒಂದs ಮಾತು ಹೇಳು. ನನ್ನಿಂದ ದೇಶದ ಮಾನ ಹೋಯ್ತು, ಕ್ಷಮಾ ಮಾಡ್ರಿ ಅಂತ. ಜನರ ಸಿಟ್ಟು ಇಳೀತದ. ಪೇಪರಿನವರೂ ಬರ್ತಾರ.”

ಅಂಜನಾಬಾಯಿ ಬಾಯಿ ತೆರೆಯುವ ಮೊದಲೇ ವಿಶಾಖಾ ಆಗಲಿ ಎಂದುಬಿಟ್ಟಳು. ಸಾಹೇಬರು ಚಹಾ ಕುಡಿದು ಎದ್ದರು.

ಮರುದಿನ ಬೆಳಿಗ್ಗೆ ಡ್ಯೂಟಿಗೆ ಹೊರಡುವ ಮುಂಚೆ ಮಗಳ ತಲೆ ಬಾಚುತ್ತ ಅಂಜನಾಬಾಯಿ ಕೇಳಿದಳು, “ಹೂಂ ಅಂತ ಯಾಕ ಅಂದಿ?”

“ಮುಗದು ಹೋಗ್ಲಿ ಅಂತ. ಭಾನುವಾರ ಕ್ಷಮಾ ಕೇಳ್ತೇನಿ, ಅವತ್ತೇ ಆಟಾನೂ ಬಿಡ್ತೇನಿ.”

ಬಾಚಣಿಗೆ ನಿಂತಿತು. ತಾಯಿ ಕೇಳಿದಳು, “ಹುತುತು ಹ್ಯಾಂಗ ಬಂತು ನಿನ್ನ ಬಾಯಾಗ?”

“ಗೊತ್ತಿಲ್ಲವ್ವಾ. ಆ ಪೋರಿ ಕಾಲಿನ ಗಂಟು ಹಿಡದಳಲ್ಲ, ಆಗ ನಾ ಅಲ್ಲಿ ಇರ್ಲಿಲ್ಲ. ಅಂಪೈರ್ ಇಲ್ಲ, ಜನ ಇಲ್ಲ. ನಮ್ಮ ಬೇವಿನ ಗಿಡ ಕಂಡಂಗಾಯ್ತು. ನೀನs ಹಿಡದಿ ಅನಸ್ತು. ಉಸಿರು ಬಿಡಬ್ಯಾಡ ಅಂದಂಗಾಯ್ತು. ನಾ ಬಿಡಲಿಲ್ಲ.”

ಅಂಜನಾಬಾಯಿ ಅಂದು ಊರುಗಳ ಹೆಸರು ಕೂಗದೆಯೇ ಟಿಕೆಟ್ ಹರಿದಳು. ತಾನು ಕಲಿಸಿದ್ದೇ ಮಗಳನ್ನು ಕೆಡವಿತು ಎಂಬ ಮಾತು ತಲೆಯಲ್ಲಿ ಸುತ್ತುತ್ತಿತ್ತು. ಆಕೆಗೆ ದುಃಖವಾಯಿತು, ಅದನ್ನು ಮುಚ್ಚಿಡುವುದೇಕೆ, ಕೌಠಾದ ಸೇತುವೆಯ ಮೇಲೆ ಕಿಟಕಿಗೆ ಮುಖ ಮಾಡಿ ಅತ್ತಳು. ಮಕ್ಸೂದ ಕನ್ನಡಿಯಲ್ಲಿ ನೋಡಿಯೂ ನೋಡದವನಂತೆ ಗೇರ್ ಬದಲಿಸಿದ. ಆದರೆ ಅಳು ಮುಗಿದ ಮೇಲೆ ಸಿಟ್ಟು ಬಂತು. ಎದುರಿನ ತಂಡದ ಆ ಗಟ್ಟಿ ಹುಡುಗಿ ಎರಡೂ ಕೈಯಿಂದ ಹಿಡಿದಿದ್ದಳು. ಅಂಥ ಹಿಡಿತದಿಂದ ಗೆರೆ ಮುಟ್ಟುವ ಶಕ್ತಿ ಎಲ್ಲಿಂದ ಬಂತು? ಅದೂ ತಾನು ಕಲಿಸಿದ್ದೇ. ಗೆರೆಗೆ ತಂದದ್ದು ಓಣಿ, ಔಟ್ ಮಾಡಿದ್ದೂ ಓಣಿ. ಔಟ್ ಆದದ್ದನ್ನು ಮಾತ್ರ ಲೆಕ್ಕ ಹಿಡಿದು ಕ್ಷಮೆ ಕೇಳು ಎನ್ನುವವರು ಯಾರು? ಬೀದರ್ ಸ್ಟ್ಯಾಂಡಿನಲ್ಲಿ ಇಳಿದಾಗ ಆಕೆಯ ದನಿ ಮರಳಿ ಬಂದಿತ್ತು.

ಭಾನುವಾರ ಔರಾದದ ಮೈದಾನ ತುಂಬಿತು. ವೇದಿಕೆಯ ಮುಂದೆಯೇ ಪ್ರದರ್ಶನ ಪಂದ್ಯಕ್ಕೆ ಸುಣ್ಣದಲ್ಲಿ ಅಂಕಣ ಎಳೆದಿದ್ದರು. ಅಂಕಣದ ಈಚೆ ಹೆಂಗಸರು. ಡಾಬಕಾದ ಓಣಿಯಿಂದ ಅಂಜನಾಬಾಯಿಯ ಜೊತೆ ಒಂದು ಕಾಲದಲ್ಲಿ ಆಡಿದವರು ಬಂದು ಮುಂದೆಯೇ ಕುಳಿತಿದ್ದರು. ಹಿಂದೆ ಫ್ಲೆಕ್ಸು. ಗಾಳಿಗೆ ‘ಕಂಚು’ ಕಾಗದ ಒಂದು ಕಡೆ ಕಿತ್ತು ಪಟಪಟ ಹೊಡೆದುಕೊಳ್ಳುತ್ತಿತ್ತು, ಆಗಾಗ ಕೆಳಗಿನ ‘ಬಂಗಾರ’ ಇಣುಕುತ್ತಿತ್ತು.

ಪಾಂಡುರಂಗ ಸಾಹೇಬರು ಉದ್ದ ಭಾಷಣ ಮಾಡಿದರು. ದೇಶ, ಮಾನ, ಶಿಸ್ತು. ಕೊನೆಗೆ, “ತಪ್ಪು ಯಾರಿಂದಾದ್ರೂ ಆಗ್ತದ. ಒಪ್ಕೊಂಡು ಕ್ಷಮಾ ಕೇಳೂದು ದೊಡ್ಡ ಗುಣ. ಈಗ ನಮ್ಮ ಹುಡುಗಿ ನಿಮ್ಮೆದುರು ಕ್ಷಮಾ ಕೇಳ್ತಾಳ” ಎಂದು ಮೈಕನ್ನು ವಿಶಾಖಾಳ ಕೈಗೆ ಕೊಟ್ಟರು.

ವಿಶಾಖಾ ಮೈಕ್ ಹಿಡಿದಳು. ತುಟಿ ಅಲ್ಲಾಡಿತು, ದನಿ ಬರಲಿಲ್ಲ. ಉಸಿರೇ ಇಲ್ಲದವಳ ಹಾಗೆ ನಿಂತಳು. ಕಾಲು ಹಿಡಿದ ಹುಡುಗಿಗೂ ಕೆಡವಲಾಗದ ಮಗಳನ್ನು ಒಂದು ಶಾಲು ಕೆಡವುತ್ತಿರುವುದು ಅಂಜನಾಬಾಯಿಯ ಕಣ್ಣಿಗೆ ಬಿತ್ತು. ಆಕೆ ಎದ್ದು ನಿಂತಳು. ಸೀರೆಯನ್ನು ಮೇಲಕ್ಕೆ ಸಿಕ್ಕಿಸಿದಳು. ಪಕ್ಕದಲ್ಲಿದ್ದ ಪಂಢರಿ “ಏ, ಏನ್ ಮಾಡ್ತೀ” ಎಂದು ಸೆರಗು ಹಿಡಿಯಲು ಹೋಗಿ, ಮುಖ ನೋಡಿ, ಕೈ ಹಿಂದಕ್ಕೆ ತೆಗೆದುಕೊಂಡ.

ಅಂಜನಾಬಾಯಿ ಸುಣ್ಣದ ಗೆರೆ ದಾಟಿದಳು.

“ಹುತುತುತುತುತುತು...”

ಮೈದಾನಕ್ಕೆ ಮೊದಲು ಅರ್ಥವಾಗಲಿಲ್ಲ. ಐವತ್ತು ದಾಟಿದ ಹೆಂಗಸು ಬಾಗಿದ ಮೊಣಕಾಲಲ್ಲಿ ಅಂಕಣ ಹಾದು, ವೇದಿಕೆಯ ಮೆಟ್ಟಿಲು ಹತ್ತಿ, ಸಾಲಾಗಿ ಕುಳಿತ ಸಮಿತಿಯವರ ಮುಂದೆ ಆ ಕಡೆ ಒಂದು ಹೆಜ್ಜೆ ಈ ಕಡೆ ಒಂದು ಹೆಜ್ಜೆ ಹಾಕುತ್ತಿದ್ದಳು. ಉಪಾಧ್ಯಕ್ಷರ ಮೊಣಕಾಲು ಮುಟ್ಟಿದಳು. ಖಜಾಂಚಿ ಕುರ್ಚಿ ಸಮೇತ ಹಿಂದೆ ಸರಿದರು, ಅವರ ಮೊಣಕೈ ಮುಟ್ಟಿದಳು. ಪಾಂಡುರಂಗ ಸಾಹೇಬರು ಶಾಲನ್ನು ಎದೆಗೆ ಅವಚಿಕೊಂಡು ಎದ್ದರು. ಅವರ ಭುಜವನ್ನು ಬೆರಳ ತುದಿಯಿಂದ ತಟ್ಟಿ ಸರ್ರನೆ ತಿರುಗಿದಳು. ಅಷ್ಟರಲ್ಲಿ ಡಾಬಕಾದ ಹೆಂಗಸರು ಎದ್ದು ಕೇಕೆ ಹಾಕುತ್ತಿದ್ದರು. ಮೆಟ್ಟಿಲು ಇಳಿದು, ಅಂಕಣ ಹಾದು, ಗೆರೆಯ ಈಚೆ ಎರಡೂ ಕಾಲು ಊರುವ ತನಕ ಆ ಉಸಿರು ಕಡಿಯಲಿಲ್ಲ. ಆಮೇಲೆ ಸೊಂಟದ ಮೇಲೆ ಕೈಯಿಟ್ಟು ಏದುಸಿರು ಬಿಡುತ್ತ ಕೂಗಿದಳು.

“ಮೂರೂ ಮಂದಿ ಔಟ್ ಆದ್ರಿ, ಸಾಹೇಬ್ರ! ಕೆಳಗ ಇಳೀರಿ!”

ಮೈದಾನ ಬಿದ್ದು ಬಿದ್ದು ನಕ್ಕಿತು. ಸಾಹೇಬರು ಸಿಟ್ಟಿನಿಂದ ಕೆಂಪಾಗಿ, “ಇದೇನು ತಮಾಷಾ? ಇಲ್ಲಿ ಹುತುತು ನಡೂದಿಲ್ಲ, ಇಲ್ಲಿ ನಿಯಮ ಅದ!” ಎಂದರು. ಮೈಕ್ ಹತ್ತಿರವೇ ಇದ್ದುದರಿಂದ ಎಲ್ಲರಿಗೂ ಕೇಳಿಸಿತು.

ಆಗ ನಗು ಬಂದದ್ದು ವಿಶಾಖಾಳಿಗೆ. ಕ್ರೀಡಾಕೂಟದಿಂದ ಬಂದ ಮೇಲೆ ಮೊದಲ ಸಲ, ಹೊಟ್ಟೆಯೊಳಗಿಂದ ಬಂದ ನಗು. ನಕ್ಕು, ಕಣ್ಣೊರೆಸಿಕೊಂಡು, ಮೈಕನ್ನು ಸರಿಯಾಗಿ ಹಿಡಿದಳು.

“ಸಾಹೇಬ್ರು ಹೇಳಿದ್ದು ಖರೆ ಅದರಿ. ನಿಯಮ ಅದ. ನಾ ಹುತುತು ಅಂದೆ, ಅಂಪೈರ್ ಔಟ್ ಕೊಟ್ಟ, ಬರೋಬರಿ ಕೊಟ್ಟ. ಆ ತಪ್ಪಿಗಿ ಒಂದು ಪಾಯಿಂಟ್ ಅಂತ ನಿಯಮದಾಗ ಬರದದ. ಆ ಒಂದು ಪಾಯಿಂಟ್ ನಾ ಅಲ್ಲೇ ಕೊಟ್ಟು ಬಂದೀನಿ.” ಅಲ್ಲಿಗೆ ನಿಲ್ಲಿಸಿ, ಹೆಂಗಸರು ಕುಳಿತ ಕಡೆ ನೋಡಿದಳು. “ಇಲ್ಲಿ ಎರಡನೇದ್ದು ಕೊಡೂದಿಲ್ಲ.”

ಮೈಕನ್ನು ಮೇಜಿನ ಮೇಲಿಟ್ಟು ವೇದಿಕೆಯಿಂದ ಇಳಿದಳು. ಶಾಲು ಸಾಹೇಬರ ಕೈಯಲ್ಲೇ ಉಳಿಯಿತು. ಕಾಶೀನಾಥ ಮಾಸ್ತರರು ಆಗಲೇ ಅಂಕಣಕ್ಕೆ ಬಂದು ಸೀಟಿ ಬಾಯಿಗಿಟ್ಟುಕೊಂಡಿದ್ದರು. ವಿಶಾಖಾ ಚಪ್ಪಲಿ ಬಿಟ್ಟು, ಮಣ್ಣು ಮುಟ್ಟಿ, ಭಾಲ್ಕಿಯ ಹುಡುಗಿಯರ ಎದುರು ನಿಂತಳು. ಅವರಲ್ಲಿ ಎಲ್ಲರಿಗಿಂತ ಗಟ್ಟಿಯಾಗಿದ್ದವಳನ್ನು ಕರೆದು, “ಕಾಲಿನ ಗಂಟು ಹಿಡೀಬೇಕು ನೋಡು, ಎರಡೂ ಕೈಲೆ. ಬಿಡಬ್ಯಾಡ” ಎಂದು ಹೇಳಿದಳು.

ಮಾಸ್ತರರು ಸೀಟಿ ಊದಿದರು. ವಿಶಾಖಾ ಗೆರೆ ದಾಟಿದಳು. ಆ ಹುಡುಗಿ ಬೋರಲು ಬಿದ್ದು ಹೇಳಿದ ಹಾಗೆಯೇ ಗಂಟು ಹಿಡಿದಳು. ವಿಶಾಖಾ ಕಾಲೆಳೆಯುತ್ತ ಬಂದಳು, ಬಾಯಲ್ಲಿ ಕಬಡ್ಡಿ, ಕಬಡ್ಡಿ, ಕಬಡ್ಡಿ, ಒಂದೂ ತಪ್ಪದೆ. ಗೆರೆಯ ಈಚೆ ಅಂಜನಾಬಾಯಿ ಎದೆ ತುಂಬ ಉಸಿರು ತೆಗೆದುಕೊಂಡು ಹುತುತು ಶುರು ಮಾಡಿದಳು. ಡಾಬಕಾದ ಹೆಂಗಸರು ಸೇರಿದರು, ಆಮೇಲೆ ಬಸ್ಸಿನ ಹಿಂದಿನ ಸೀಟಿನ ಹುಡುಗರೂ ಸೇರಿದರು. ಗೆರೆಯ ಹೊರಗಿರುವವರು ಏನು ಕೂಗಬೇಕು ಎಂದು ಯಾವ ನಿಯಮದಲ್ಲೂ ಬರೆದಿಲ್ಲ.